ದೊರೆ ಊಟ ಬಿಟ್ಟ ದಿನ

ಮಲಗಿದ ನಾಯಿಯನ್ನು ದಾಟಿ ಹೋಗಬಾರದು. ಕಿವಿ ಮಂದವಾದ ಮುದಿ ನಾಯಿಯನ್ನಂತೂ ದಾಟಲೇಬಾರದು. ದೂರದಲ್ಲೇ ನಿಂತು ನೆಲಕ್ಕೆ ಕಾಲು ತಟ್ಟಬೇಕು, ಅದು ಕಣ್ಣು ಬಿಟ್ಟು ನೋಡಿದ ಮೇಲೆ ಹೆಜ್ಜೆ ಇಡಬೇಕು. ಇಷ್ಟನ್ನು ಒಂದು ರಟ್ಟಿನ ಮೇಲೆ ಬರೆದು ಗೇಟಿಗೆ ನೇತುಹಾಕಲು ಕನ್ನಡಕದಂಗಡಿಯವಳಿಗೆ ಪುರುಸೊತ್ತಾಗಿರಲಿಲ್ಲ. ನೀರಿನ ಮೀಟರ್ ಓದುವವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಅಂಗಡಿಯ ಹಿಂದಿನ ಅಂಗಳದಲ್ಲಿ ಮನುಷ್ಯನೂ ನಾಯಿಯೂ ಒಟ್ಟಿಗೇ ಕೂಗಿಕೊಂಡರು.

ಅವಳು ಓಡಿ ಬಂದಾಗ ಅವನು ಒಂಟಿ ಕಾಲಲ್ಲಿ ನಿಂತು ಮೀಟರ್ ಪೆಟ್ಟಿಗೆ ಹಿಡಿದುಕೊಂಡಿದ್ದ. ಮೀನಖಂಡದ ಮೇಲೆ ನಾಲ್ಕು ಹಲ್ಲಿನ ಗುರುತು, ಎರಡರಲ್ಲಿ ರಕ್ತ. ಕಚ್ಚಿದ ಅವಳ ನಾಯಿ ದೊರೆ ಮೂಲೆಗೆ ಸರಿದು, ತನ್ನದೇ ತಪ್ಪೆಂದು ಗೊತ್ತಾದವನಂತೆ ಗೋಡೆ ನೋಡುತ್ತಿತ್ತು.

"ಕೂತ್ಕೊಳ್ಳಿ. ಪ್ಯಾಂಟು ಮೇಲೆ ಮಾಡಿ."

"ಏನಿಲ್ಲ ಬಿಡಿ ಮೇಡಂ, ಒಂದು ಬಟ್ಟೆ ಕಟ್ಟಿದ್ರೆ ಆಯ್ತು."

"ಕಟ್ಟೋ ಹಾಗಿಲ್ಲ. ಸೋಪು ಹಾಕಿ ನಲ್ಲಿ ಕೆಳಗೆ ಹದಿನೈದು ನಿಮಿಷ ತೊಳೀಬೇಕು."

"ಹದಿನೈದು ನಿಮಿಷಾನಾ? ನಾನು ಸ್ನಾನಕ್ಕೇ ಅಷ್ಟು ಹೊತ್ತು ತಗೊಳಲ್ಲ."

ಅವಳು ಅವನ ಹಿಮ್ಮಡಿ ಹಿಡಿದು ನೀರಿನ ಕೆಳಗೆ ಎಳೆದಳು. ಗುರುತುಪರಿಚಯವಿಲ್ಲದ ಗಂಡಸಿನ ಕಾಲನ್ನು ಹೀಗೆ ಹಿಡಿದಿದ್ದೇನಲ್ಲ ಎಂಬುದು ಅವಳಿಗೆ ಹೊಳೆದದ್ದು ಆರನೆಯ ನಿಮಿಷದಲ್ಲಿ. ಅವನಿಗೆ ಬಹುಶಃ ಮೊದಲನೆಯ ನಿಮಿಷದಲ್ಲೇ ಹೊಳೆದಿತ್ತು, ಕಿವಿ ಕೆಂಪಾಗಿತ್ತು.

"ಇಷ್ಟು ನೀರು ಬಿಟ್ರೆ ನಿಮ್ಮ ಮೀಟರ್ ಓಡತ್ತೆ," ಅಂದ.

"ಓಡಲಿ. ಓದೋಕೆ ನೀವೇ ಬರ್ತೀರಲ್ಲ," ಅಂದಳು. ಅಂದ ಮೇಲೆ ತಲೆ ಎತ್ತಲಿಲ್ಲ.

ನಗು ಅಲ್ಲಿಗೇ ಮುಗಿಯಿತು. ದೊರೆಯ ಲಸಿಕೆಯ ಪುಸ್ತಕ ತೆಗೆದು ನೋಡಿದಳು. ರೇಬೀಸ್ ಲಸಿಕೆಯ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು.

ನಾಯಿಗಳ ಡಾಕ್ಟರಮ್ಮ ಬೈಯುವುದನ್ನೂ ಔಷಧದಂತೆ ಅಳತೆ ಮಾಡಿ ಕೊಡುವವರು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ಇವನಿಗೆ ಹುಚ್ಚಿಲ್ಲ ಅಂತ ನನಗನಿಸತ್ತೆ. ಆದ್ರೆ ಅನಿಸಿಕೆ ಮೇಲೆ ಒಬ್ಬರ ಜೀವ ಇಡೋಕಾಗಲ್ಲ. ಹತ್ತು ದಿನ ಮನೆಯಲ್ಲೇ ಕಟ್ಟಿ ಕಾಯಬೇಕು. ಊಟ ಬಿಟ್ಟರೆ, ಜೊಲ್ಲು ಸುರಿಸಿದ್ರೆ, ನಡಿಗೆ ತಪ್ಪಿದ್ರೆ ತಕ್ಷಣ ನನಗೆ ಹೇಳಬೇಕು. ಏನೇ ಆದ್ರೂ ಬಾಯಿಗೆ ಕೈ ಹಾಕಬಾರದು." ಆಮೇಲೆ ಅವನ ಕಡೆ ತಿರುಗಿದರು. "ಸೂಜಿ ಇವತ್ತು, ಮೂರನೇ ದಿನ, ಏಳನೇ ದಿನ, ಆಮೇಲೂ ಇದೆ. ಒಂದನ್ನೂ ಬಿಡಬೇಡಿ. ರೇಬೀಸ್ ಬಂದಮೇಲೆ ಔಷಧ ಇಲ್ಲ."

"ಲಕ್ಷಣ ಕಂಡ್ರೆ ದೊರೆನ ಏನ್ ಮಾಡ್ತಾರೆ?" ಅವಳು ಕೇಳಿದಳು.

"ನಗರಸಭೆ ಗಾಡಿ ಬರತ್ತೆ," ಅಂದರು ಡಾಕ್ಟರಮ್ಮ. ಆ ಗಾಡಿಯಲ್ಲಿ ಹೋದ ನಾಯಿ ವಾಪಸ್ ಬರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದಿನಿಂದ ಅವನು ದಿನವೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬರತೊಡಗಿದ. ಅಂಗಳದ ಬಾಗಿಲಲ್ಲಿ ನಿಂತು ಕೇಳುವುದು ಮೂರೇ ಪ್ರಶ್ನೆ. ತಿಂದನಾ, ಕುಡಿದನಾ, ನಡೆದನಾ. ಮೂರಕ್ಕೂ ಉತ್ತರ ಸಿಕ್ಕ ಮೇಲೂ ಅವನು ಹೋಗುತ್ತಿರಲಿಲ್ಲ. ನಾಲ್ಕನೆಯ ದಿನ ಅವನು ಗೋಡೆಯ ಗಡಿಯಾರ ನೋಡಲು ಕಣ್ಣು ಕಿರಿದು ಮಾಡಿದ್ದನ್ನು ಕಂಡು ಅವಳು ಅವನನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದಳು.

"ನನ್ನ ಮೂಗು ನೋಡಿ. ಅಲ್ಲಾಡಬೇಡಿ."

"ಮೂಗು ಮಾತ್ರಾನಾ?"

"ಸದ್ಯಕ್ಕೆ ಮೂಗು ಮಾತ್ರ."

ಸಣ್ಣ ಟಾರ್ಚಿನ ಬೆಳಕಿನಲ್ಲಿ ಅವನ ಕಣ್ಣಿನ ಕಂದು ಬಣ್ಣದೊಳಗೆ ಒಂದು ಚಿಕ್ಕ ಹಸಿರು ಚುಕ್ಕೆ ಕಂಡಿತು. ದಿನಕ್ಕೆ ಇಪ್ಪತ್ತು ಜನರ ಕಣ್ಣು ನೋಡುವವಳು ಅವಳು. ಯಾರ ಕಣ್ಣನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದವಳಲ್ಲ. ಅವತ್ತು ನೋಡಿದಳು. ಒಳಗಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ಅಪ್ಪ ಯಂತ್ರ ನಿಲ್ಲಿಸಿ, "ಇನ್ನೂ ಎಷ್ಟು ಹೊತ್ತಮ್ಮ, ಅವರ ಕಣ್ಣಿಗೆ ಬಣ್ಣ ಬಳೀತಿದ್ದೀಯೋ ಹೇಗೆ?" ಎಂದು ಕೇಳಿದರು.

ಇಷ್ಟಾದರೂ ಅವಳು ಅವನ ಫೋನ್ ನಂಬರ್ ಕೇಳಲಿಲ್ಲ. ನಂಬರ್ ಇದ್ದರೆ ಅವನು ಫೋನಲ್ಲೇ ಮೂರು ಪ್ರಶ್ನೆ ಮುಗಿಸಿಬಿಡುತ್ತಾನೆ ಎಂಬ ಹೆದರಿಕೆ. ಅವನೂ ಕೊಡಲಿಲ್ಲ.

ಆರನೆಯ ದಿನ ರಾತ್ರಿಯ ಊಟವನ್ನು ದೊರೆ ಮೂಸಿ ಬಿಟ್ಟಿತು. ಏಳನೆಯ ದಿನ ಬೆಳಿಗ್ಗೆ ತಟ್ಟೆಯ ಹತ್ತಿರಕ್ಕೂ ಬರಲಿಲ್ಲ. ಅದರ ಗಲ್ಲದ ಕೆಳಗೆ ಕೂದಲು ಒದ್ದೆಯಾಗಿತ್ತು. ಅವಳು ಅದನ್ನು ಬರಿಗೈಯಲ್ಲಿ ಒರೆಸಿದಳು. ಸೆಕೆಗೆ ಹೀಗಾಗಿದೆ, ವಯಸ್ಸಾಯಿತಲ್ಲ, ಮಧ್ಯಾಹ್ನ ತಿನ್ನುತ್ತದೆ ಎಂದುಕೊಂಡಳು. ಹದಿಮೂರು ವರ್ಷದ ಹಿಂದೆ ಕನ್ನಡಕದ ಫ್ರೇಮುಗಳು ಬಂದ ರಟ್ಟಿನ ಡಬ್ಬದಲ್ಲಿ ಮಲಗುತ್ತಿದ್ದ ಮರಿ ಅದು. ಗಾಡಿ ಬಂದು ಅದನ್ನು ಎಳೆದೊಯ್ಯುವುದನ್ನು ಅವಳಿಂದ ಯೋಚಿಸಲೂ ಆಗಲಿಲ್ಲ.

ಆಗಲೇ ಬಾಗಿಲಲ್ಲಿ ಅವನು. "ತಿಂದನಾ?"

"ತಿಂದ."

"ಕುಡಿದನಾ?"

"ಹೂಂ."

ಅವನು ಅವಳ ಮುಖ ನೋಡಿದ. ಹುಬ್ಬು ಸ್ವಲ್ಪ ಮೇಲೇರಿತು, ಆಮೇಲೆ ಮೆತ್ತಗೆ ಇಳಿಯಿತು. "ನಿದ್ದೆ ಮಾಡಿಲ್ವಾ?"

"ಸೆಕೆ."

"ಹಾಗಾದ್ರೆ ಇವತ್ತಿನ ಸೂಜಿ ಬಿಟ್ಟುಬಿಡ್ತೀನಿ. ಆ ಆಸ್ಪತ್ರೆ ಸಾಲು ನೋಡಿದ್ರೇ ನನಗೆ ಜ್ವರ ಬರತ್ತೆ. ಏಳು ದಿನ ಆದ್ರೂ ದೊರೆ ಗಟ್ಟಿಯಾಗಿದಾನೆ ಅಂದ್ಮೇಲೆ ನನಗೇನಾಗತ್ತೆ?"

"ಡಾಕ್ಟರಮ್ಮ ಬಿಡಬೇಡಿ ಅಂದಿದ್ರು."

"ನೀವು ಅವನು ತಿಂದ ಅಂದ್ರಲ್ಲ, ನನಗೆ ಅಷ್ಟು ಸಾಕು," ಎಂದು ನಕ್ಕು, ಚೀಲ ಹೆಗಲಿಗೇರಿಸಿ ಹೊರಟ.

ಅವನನ್ನು ಕರೆಯಬೇಕಿತ್ತು. ಅವಳ ಬಾಯಲ್ಲಿ ಬಿಸಿ ತುಪ್ಪ, ನುಂಗಲಾರಳು, ಉಗುಳಲಾರಳು. ಅವನು ರಸ್ತೆ ತಿರುಗಿ ಕಾಣದಾಗುವವರೆಗೂ ಅವಳು ಸುಮ್ಮನೆ ನಿಂತಳು. ಆ ಸುಮ್ಮನಿದ್ದದ್ದೇ ತಪ್ಪು, ಸುಳ್ಳಿಗಿಂತ ದೊಡ್ಡ ತಪ್ಪು.

ಮಧ್ಯಾಹ್ನ ಮೂರಕ್ಕೆ ಅಪ್ಪ ಅಂಗಳದಿಂದ ಕೂಗಿದರು. ದೊರೆಯ ದವಡೆ ಜೋತುಬಿದ್ದಿತ್ತು. ಬಾಯಿ ಮುಚ್ಚಲಾಗದೆ ಜೊಲ್ಲು ದಾರದಂತೆ ಇಳಿಯುತ್ತಿತ್ತು, ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತಿತ್ತು. ಅಪ್ಪ ಬಗ್ಗಿ ಕೈ ಚಾಚಿದ್ದರು.

"ಅಪ್ಪ, ಬಾಯಿಗೆ ಕೈ ಹಾಕಬೇಡ. ಈಚೆ ಬಾ."

"ಏನೋ ಸಿಕ್ಕಿಕೊಂಡಿರೋ ಹಾಗಿದೆಯಲ್ಲಮ್ಮ."

"ಏನಾದ್ರೂ ಇರಲಿ. ಬಾಗಿಲು ಹಾಕು."

ಫೋನಿನಲ್ಲಿ ಡಾಕ್ಟರಮ್ಮ ಇವತ್ತು ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಅರ್ಧ ಗಂಟೇಲಿ ಬರ್ತೀನಿ. ಹತ್ತಿರ ಹೋಗಬೇಡಿ. ಅವರು ಏಳನೇ ದಿನದ ಸೂಜಿ ಹಾಕಿಸಿಕೊಂಡ್ರಾ?"

"ಇಲ್ಲ."

"ಐದಕ್ಕೆ ಆಸ್ಪತ್ರೆ ಕೌಂಟರ್ ಮುಚ್ತಾರೆ," ಅಂದರು ಡಾಕ್ಟರಮ್ಮ. "ಮೊದಲು ಆ ಕೆಲಸ ನೋಡು."

ನೀರಿನ ಕಚೇರಿಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಅವನ ನಂಬರ್ ಇಲ್ಲ. ಬೇಕಂತಲೇ ಕೇಳದಿದ್ದ ನಂಬರ್. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ ರಸ್ತೆಯಲ್ಲಿ ನಿಂತಾಗ ಅವಳಿಗೆ ಒಂದು ನೆನಪಾಯಿತು. ಓದಿ ಮುಗಿಸಿದ ಮೀಟರಿನ ಮುಚ್ಚಳದ ಮೇಲೆ ಅವನು ಸೀಮೆಸುಣ್ಣದಲ್ಲಿ ಅಂದಿನ ತಾರೀಕು ಬರೆಯುತ್ತಾನೆ.

ಮನೆ ಮನೆಯ ಗೇಟಿನೊಳಗೆ ಬಗ್ಗಿ ನೋಡುತ್ತಾ ಓಡಿದಳು. ಮೊದಲ ಬೀದಿಯಲ್ಲಿ ಹೋದ ವಾರದ ತಾರೀಕು. ಎರಡನೆಯದರಲ್ಲೂ ಅದೇ. ಲಾಂಡ್ರಿಯ ಹಿಂದಿನ ಓಣಿಯಲ್ಲಿ ಇವತ್ತಿನ ತಾರೀಕು ಸಿಕ್ಕಿತು, ಆಮೇಲೆ ಸಾಲಾಗಿ ಸಿಕ್ಕಿತು. ಒಬ್ಬ ಅಜ್ಜಿ, "ಯಾರಮ್ಮಾ ನೀನು, ನಮ್ಮ ಮೀಟರ್‌ನಲ್ಲಿ ಏನ್ ಹುಡುಕ್ತೀಯ?" ಎಂದು ಗದರಿಸಿದರು. "ಓದೋರು ಯಾವ ಕಡೆ ಹೋದ್ರು ಅಜ್ಜಿ?" ಅಂದಳು. ಅವಳ ಮುಖ ನೋಡಿ ಅಜ್ಜಿ ಬೈಯುವುದನ್ನು ನಿಲ್ಲಿಸಿ ಕೈ ತೋರಿಸಿದರು.

ಬೇಕರಿಯ ಹಿಂದೆ ಅವನು ಕುಕ್ಕರುಗಾಲಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು.

"ದೊರೆ ಬೆಳಿಗ್ಗೆ ತಿಂದಿರಲಿಲ್ಲ," ಅಂದಳು ಏದುಸಿರು ಬಿಡುತ್ತಾ. "ನಿನ್ನೆ ರಾತ್ರಿನೂ ತಿಂದಿಲ್ಲ. ಈಗ ಜೊಲ್ಲು ಸುರೀತಿದೆ. ಐದಕ್ಕೆ ಕೌಂಟರ್ ಮುಚ್ತಾರೆ, ಈಗಲೇ ಹೋಗಿ."

ಅರಳಿದ ಮುಖ ಹಾಗೇ ನಿಂತಿತು. "ತಿಂದ ಅಂದ್ರಲ್ಲ."

"ಸುಳ್ಳು ಹೇಳ್ದೆ."

"ಯಾಕೆ?"

"ಅವನನ್ನ ತಗೊಂಡು ಹೋಗ್ತಾರೆ ಅಂತ."

ಅವನು ಮೀಟರಿನ ಮುಚ್ಚಳ ನಿಧಾನವಾಗಿ ಹಾಕಿದ. "ಅವನನ್ನ ತಗೊಂಡು ಹೋಗಬಾರದು. ನಾನು ಹೋದ್ರೆ ಪರವಾಗಿಲ್ಲ." ದನಿ ಏರಿಸದೆ ಹೇಳಿದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಚೀಲ ತೆಗೆದುಕೊಂಡು ಅವಳ ಪಕ್ಕದಿಂದಲೇ ನಡೆದು ಹೋದ, ಅವಳ ಕಡೆ ನೋಡಲಿಲ್ಲ.

ಅವಳು ಮನೆಗೆ ಬಂದಾಗ ಡಾಕ್ಟರಮ್ಮ ಮೊಣಕೈವರೆಗಿನ ಕೈಗವಸು, ಮುಖಕ್ಕೆ ಗಾಜಿನಂಥ ಮುಚ್ಚಳ ಹಾಕಿಕೊಂಡಿದ್ದರು. ಮತ್ತಿನ ಸೂಜಿ ಹಾಕಿಸಿಕೊಂಡ ದೊರೆ ಒಂದು ಪಕ್ಕಕ್ಕೆ ಮಲಗಿತ್ತು. ಅವರು ಇಕ್ಕಳವನ್ನು ಅದರ ಬಾಯೊಳಗೆ ಬಿಟ್ಟು, ತಿರುಗಿಸಿ, ಒಮ್ಮೆ ಜಗ್ಗಿದರು. ಅಂಗುಳಿಗೆ ಅಡ್ಡ ಸಿಕ್ಕಿದ್ದ ಒಂದು ಮೂಳೆ ತಟ್ಟೆಯೊಳಗೆ ಠಣ್ ಎಂದು ಬಿತ್ತು.

"ಬೇಯಿಸಿದ ಮೂಳೆ," ಅಂದರು. "ಯಾರು ಕೊಟ್ಟಿದ್ದು?"

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. "ಪಾಪ, ಆರು ದಿನದಿಂದ ಕಟ್ಟಿ ಹಾಕಿದೀವಲ್ಲ ಅಂತ ನಾನೇ ಕೊಟ್ಟೆ."

"ಪಾಪ ಅಂತ ಕೊಟ್ಟಿದ್ದೇ ನಾಯಿಗಳನ್ನ ಹೆಚ್ಚು ಕೊಲ್ಲೋದು. ಬೇಯಿಸಿದ ಮೂಳೆ ಸೀಳತ್ತೆ, ಅಂಗುಳಿಗೋ ಗಂಟಲಿಗೋ ಸಿಕ್ಕಿಕೊಳ್ಳತ್ತೆ. ಹುಚ್ಚಿನ ಲಕ್ಷಣದ ಹಾಗೇ ಕಾಣತ್ತೆ." ಅಳತೆಯ ಬೈಗುಳ ಮರಳಿ ಬಂದದ್ದು ಕೇಳಿ ಅವಳಿಗೆ ಧೈರ್ಯ ಬಂತು. "ಜೊಲ್ಲಿಗೆ ಇದೇ ಕಾರಣ. ಆದ್ರೂ ಹತ್ತು ದಿನ ಮುಗಿಯೋವರೆಗೂ ಕಾವಲು ಬಿಡೋ ಹಾಗಿಲ್ಲ. ನೀನು ಜೊಲ್ಲು ಮುಟ್ಟಿದೀಯಾ? ಕೈ ತೋರಿಸು."

ಬೆಳಿಗ್ಗೆ ಜೊಲ್ಲು ಒರೆಸಿದ ಕೈಬೆರಳ ಮೇಲೆ ಗಾಜು ಕೊಯ್ದ ಹಸಿ ಗಾಯವಿತ್ತು. "ನಿನಗೂ ಸೂಜಿ. ಓಡು."

ಕೌಂಟರ್ ಮುಚ್ಚಲು ಐದು ನಿಮಿಷವಿದ್ದಾಗ ಅವಳು ಆಸ್ಪತ್ರೆ ತಲುಪಿದಳು. ಸೂಜಿ ಹಾಕಿಸಿಕೊಂಡು, ಅರ್ಧ ಗಂಟೆ ಕೂತು ಹೋಗಿ ಎಂದು ನರ್ಸ್ ತೋರಿಸಿದ ಬೆಂಚಿನ ಕಡೆ ತಿರುಗಿದರೆ ಅಲ್ಲಿ ಅವನೊಬ್ಬನೇ ಕೂತಿದ್ದ, ತೋಳು ಮಡಚಿ. ಪಕ್ಕದಲ್ಲಿ ಒಂದು ಆಳಿನಷ್ಟು ಜಾಗ ಬಿಟ್ಟು ಕೂತಳು.

"ಮೂಳೆ ಸಿಕ್ಕಿತ್ತು. ಅಂಗುಳಿನಲ್ಲಿ. ಡಾಕ್ಟರಮ್ಮ ತೆಗೆದ್ರು. ಬಾಯಿ ಮುಚ್ಚಿದಾನೆ."

ಅವನು ನೆಲ ನೋಡುತ್ತಲೇ ಕೇಳಿದ. "ಇದು ನಿಜಾನಾ?"

ಕಪಾಳಕ್ಕೆ ಹೊಡೆದಂತಾಯಿತು. ತಾನು ಮಾಡಿದ್ದನ್ನು ತಾನೇ ಉಣ್ಣಬೇಕು. "ನನ್ನ ಮಾತು ನಂಬಬೇಡಿ. ಅವರನ್ನೇ ಕೇಳಿ," ಎಂದು ಡಾಕ್ಟರಮ್ಮನ ನಂಬರ್ ಹೇಳಿದಳು.

ಬೇಡ ಬಿಡಿ ಎನ್ನುತ್ತಾನೆಂದು ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು. ಅವನು ಅವಳ ಎದುರಿಗೇ ಫೋನ್ ಮಾಡಿದ. ಮೂಳೆಯ ಉದ್ದ ಕೇಳಿದ, ದೊರೆ ಎದ್ದನೋ ಕೇಳಿದ, ಇನ್ನು ಎಷ್ಟು ಸೂಜಿ ಕೇಳಿದ. ಅವಳು ಒಂದೊಂದು ಪ್ರಶ್ನೆಯನ್ನೂ ಕೂತು ಕೇಳಿಸಿಕೊಂಡಳು. ಅಳು ಬಂತು, ಅತ್ತಳು, ಒರೆಸಿಕೊಂಡಳು.

ಅವನು ಫೋನ್ ಜೇಬಿಗೆ ಇಟ್ಟುಕೊಂಡ. ಕೌಂಟರಿನ ಕಿಟಕಿ ಮುಚ್ಚಿತು.

"ನಾನು ದಿನಾ ನಾಯಿ ನೋಡೋಕೆ ಬರ್ತಿದ್ದೆ ಅಂದ್ಕೊಂಡಿದ್ರಾ?"

"ಇಲ್ಲ."

"ಗೊತ್ತಿತ್ತಾ?"

"ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ ಸುಳ್ಳು. ಅದನ್ನ ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳೋಕೂ ನನಗೆ ಮುಖ ಇಲ್ಲ."

ಅವನು ಮೊದಲ ಸಲ ತಿರುಗಿದ. ಕಣ್ಣಿನ ಸುತ್ತ ದಣಿವು, ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅದರ ಹಿಂದೆ ಒಂದಿಷ್ಟು ಅಕ್ಕರೆಯೂ ಇತ್ತು. ನಾಲ್ಕನೆಯ ದಿನ ಟಾರ್ಚಿನ ಬೆಳಕಿನಲ್ಲಿ ಅವಳಿಗೆ ಕಂಡಿದ್ದೂ ಅದೇ. "ನಾನು ಅಷ್ಟು ಬೇಗ ಮರೆಯೋನಲ್ಲ. ಇನ್ನು ಸ್ವಲ್ಪ ದಿನ ನೀವು ಏನೇ ಹೇಳಿದ್ರೂ ಎರಡು ಸಲ ಕೇಳ್ತೀನಿ. ಬೇಜಾರು ಮಾಡ್ಕೋಬಾರದು."

"ಎರಡು ಸಲಾನೂ ಹೇಳ್ತೀನಿ."

"ಕೆಟ್ಟ ಸುದ್ದಿ ಇದ್ರೂ?"

"ಕೆಟ್ಟದ್ದಿದ್ರೆ ಮೊದಲು ನಿಮಗೆ."

ಅವನು ನಡುವೆ ಇದ್ದ ಚೀಲ ಎತ್ತಿ ಕಾಲಬುಡಕ್ಕೆ ಇಟ್ಟುಕೊಂಡ. ಅವಳು ಆ ಜಾಗಕ್ಕೆ ಸರಿದಳು. ಸೂಜಿ ಹಾಕಿದ ತೋಳು ಭಾರವಾಗಿತ್ತು. ಓಣಿ ಓಣಿ ಓಡುವಾಗ ಆಗದಷ್ಟು ಭಯ ಈಗ ಆಯಿತು.

"ನೀವಂದ್ರೆ ನನಗೆ ಇಷ್ಟ," ಅಂದಳು. "ನಿಮಗೆ ಏನಾದ್ರೂ ಆಗಿದ್ದಿದ್ರೆ ನಾನು ಬದುಕ್ತಿರಲಿಲ್ಲ."

ಅವನು ಅವಳ ಮುಖವನ್ನೇ ನೋಡಿದ, ಮೀಟರಿನ ಸಣ್ಣ ಅಂಕಿ ಓದುವವನಂತೆ ಕಣ್ಣು ಕಿರಿದು ಮಾಡಿ.

"ನಿಜಾನಾ?"

ಕಣ್ಣು ತಪ್ಪಿಸದೆ, ಒಂದಕ್ಷರವೂ ಬಿಡದೆ, ಅವಳು ಇನ್ನೊಂದು ಸಲ ಹೇಳಿದಳು.