ಆರಲೇಬೇಕಾದ ಹಸಿರು

"ಜನನೀನಾ? ಅವ್ಳು ನಂಗೆ ಗಾಜು ತೊಳ್ಕೊಡ್ತಾಳೆ, ಅಷ್ಟೇ."

ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ಕನ್ನಡದ ಮನೆ ತುಂಬ ನೆಂಟರು ಕೂತಿದ್ದಾಗ ಲೋಗೇಶ್ ನಗುನಗುತ್ತ ಹೀಗಂದುಬಿಟ್ಟ. ಅವನು ಜನನಿಯ ಸೋದರಮಾವನ ಮಗ, ಅವಳ ಬಾಯಲ್ಲಿ ‘ಮಾಮಾ’, ದಿಂಡಿಗಲ್ಲಿನ ಲ್ಯಾಬಿನಲ್ಲಿ ಅವಳ ಸೀನಿಯರ್. ಕಪ್ಪೆಯ ಮೆದುಳನ್ನು ತೆಳ್ಳಗೆ ಸೀಳಿ, ನರಗಳ ಸಂದೇಶ ಒಯ್ಯುವ ನ್ಯೂರೋಪೆಪ್ಟೈಡ್ ಯಾವ ನರಕೋಶದಲ್ಲಿ ಅಡಗಿದೆಯೆಂದು ಹಸಿರು ಬೆಳಕಿನಲ್ಲಿ ತೋರಿಸಿದವಳು ಜನನಿ. ಪ್ರಬಂಧದಲ್ಲಿ ಹೆಸರು ಮಾತ್ರ ಅವನೊಬ್ಬನದೇ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಪ್ರೀತಿಸಿದವನೂ ಇವನೇ, ಹಾಳಾದವನು.

ಇರು ಮಗನೇ, ಮಾಡ್ತೀನಿ ನಿಂಗೆ.

ಅವನು ಕಂಟ್ರೋಲ್ ಎಂಬ ತಾಳೆಪರೀಕ್ಷೆ ಮಾಡಿಯೇ ಇರಲಿಲ್ಲ. ಹಸಿರು ಬೆಳಗಿಸುವ ಆಂಟಿಬಾಡಿಗೆ ಮೊದಲೇ ಆ ಪೆಪ್ಟೈಡನ್ನು ಹೊಟ್ಟೆತುಂಬ ಉಣಿಸಿದರೆ ಅದು ಕೋಶಕ್ಕೆ ಅಂಟಬಾರದು, ಹಸಿರು ಆರಲೇಬೇಕು. ಆರದಿದ್ದರೆ ಕಂಡದ್ದೆಲ್ಲ ಸುಳ್ಳು. ಜನನಿ ಗುಟ್ಟಾಗಿ ಮಾಡಿ ನೋಡಿದಳು. ತನ್ನದೇ ಕೆಲಸವೆಂಬುದನ್ನೂ ಮರೆತು, ಸುಳ್ಳಾಗಲಿ ದೇವರೇ ಎಂದು ಹರಕೆ ಹೊತ್ತಳು. ಹಸಿರು ಪೂರ್ತಿ ಆರಿತ್ತು! ಕಂಡದ್ದೆಲ್ಲ ನಿಜವೇ. ಫೋಟೋವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ತುಟಿ ಬಿಚ್ಚಲಿಲ್ಲ.

ಸೆಮಿನಾರಿನಲ್ಲಿ ಅವನು ಮಾತು ಮುಗಿಸುತ್ತಲೇ ಎದ್ದು ನಿಂತಳು.

"ಸರ್, ಕಂಟ್ರೋಲ್ ಎಲ್ಲಿ?"

ಅವನ ಮುಖ ಬಿಳಿಚಿಕೊಂಡಿತು. ಪ್ರೊಫೆಸರ್ ಹುಬ್ಬು ಗಂಟಿಕ್ಕಿದರು. ಆಹಾ, ಏನು ಸುಖ! ಆದರೆ ಅವನ ಕುತ್ತಿಗೆಯ ಬೆವರು ಕಂಡು ಒರೆಸೋಣವೆನ್ನಿಸಿತು. ಥೂ, ಈ ಹಾಳು ಮನಸ್ಸು.

ಆ ಸಭಾಂಗಣದಲ್ಲಿ ಬೇರೆ ಯಾರಿಗೂ ಬಾರದ ಮನೆಮಾತು ಕನ್ನಡದಲ್ಲಿ, ಲೋಗೇಶ್ ಮೈಕಿನಲ್ಲೇ ಅಂದ: "ಮಾನ ತೆಗೀಬ್ಯಾಡ ಡೀ."

"ಗಾಜು ತೊಳ್ಯೋಳ್ಗೆ ಮಾನ ಇಲ್ವಾ, ಮಾಮಾ?"

"ತಪ್ಪಾಯ್ತು. ಇದು ನಿನ್ ಕೈಕೆಲ್ಸ ಅಂತ ಹೇಳಿದ್ರೆ ನಾನು ಚಿಕ್ಕವನಾಗ್ತೀನಂತ ಭಯ. ನೀನಿಲ್ದೆ ನಂಗಾಗಲ್ಲ."

"ತಮಿಳಲ್ಲಿ ಹೇಳು. ಎಲ್ಲರ್ಗೂ ಕೇಳ್ಲಿ."

ಹೇಳಿದ. ಕೆಲಸವೆಲ್ಲ ಜನನಿಯದೆಂದ, ಗಾಬರಿಯಲ್ಲಿ ಕೊನೆಯ ಮಾತನ್ನೂ ಬಿಡದೆ ಹೇಳಿಬಿಟ್ಟ. ಹುಡುಗರು ಸಿಳ್ಳೆ ಹೊಡೆದರು. ಜನನಿ ಕೆಂಪಾಗಿ ಹೋಗಿ ಪೆನ್‌ಡ್ರೈವ್ ಚುಚ್ಚಿದಳು. ಪರದೆಯೆಲ್ಲ ಕಪ್ಪು, ಒಂದು ಚುಕ್ಕೆ ಹಸಿರೂ ಇಲ್ಲ. ಪ್ರೊಫೆಸರೇ ಮೊದಲು ಚಪ್ಪಾಳೆ ತಟ್ಟಿದರು.

ಲ್ಯಾಬಿಗೆ ಬಂದ ಮೇಲೆ ಕೇಳಿದ: "ಎಷ್ಟು ದಿನದಿಂದ ಇತ್ತು ಈ ಫೋಟೋ ನಿನ್ಹತ್ರ?"

"ಹದಿನೈದು ದಿನ."

"ಪಾಪಿ! ಬೇಕಂತ ಬೆವರ್ಸಿದ್ಯಾ?"

"ಇನ್ನೂ ಮುಗ್ದಿಲ್ಲ. ಪ್ರಬಂಧದಲ್ಲಿ ಮೊದ್ಲು ನನ್ ಹೆಸ್ರು. ಆಮೇಲೆ ಊರಿಗ್ ಬಂದು, ಅದೇ ನೆಂಟರ ಎದ್ರಿಗೆ ನನ್ನ ಹೆಣ್ಣು ಕೇಳು." ಕೊಳೆ ಗಾಜುಗಳ ಟ್ರೇಯನ್ನು ಅವನ ಕೈಗಿಟ್ಟಳು. "ಅಲ್ಲಿವರ್ಗೂ ಇವನ್ನ ತೊಳಿ, ಮಾಮಾ."

ಲೋಗೇಶ್ ಅಂಗಿಯ ತೋಳು ಮಡಿಸಿ ನಲ್ಲಿ ತಿರುಗಿಸಿದ.