ಗದ್ದದ ಮೇಲಿನ ಮಸಿ

"ಏನು ಬೇಕಾದ್ರೂ ಮಾಡ್ಕೋ ಮಗಾ. ಬಣ್ಣ ಏರಿಸು, ಬಿರುಕು ಮುಚ್ಚು, ನಿನ್ನಿಷ್ಟ. ಅವಳ ಗದ್ದದ ಮೇಲಿನ ಮಸಿ ಮಾತ್ರ ಒರೆಸ್ಬೇಡ."

ಎವಾಂಥಿಯಾ ಮುದುಕಿ ಚಿತ್ರವನ್ನು ಕೊಡುತ್ತಲೂ ಇದ್ದಳು, ಬಿಡುತ್ತಲೂ ಇರಲಿಲ್ಲ. ಹೆಣ್ಣಿನ ಮುಖ ಬರೆದ ಹಲಗೆಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಅರ್ಗಿರಿಸನ ಕೈಯಲ್ಲಿ.

"ಯಾಕಜ್ಜಿ, ಒರೆಸಿದ್ರೆ ಎದ್ದು ಬಂದು ಬೈತಾಳಾ?" ಎಂದು ಅವನು ನಕ್ಕ.

"ಬೈಯೋಳಾಗಿದ್ರೆ ಹೆದರ್ತಿರ್ಲಿಲ್ಲಪ್ಪ. ಅದು ಈಸ್ಟರ್ ದೀಪದ ಮಸಿ. ನನ್ನ ಗಂಡ ಹೆಬ್ಬೆಟ್ಟಿನಿಂದ ಒತ್ತಿದ್ದು. ಇರ್ಲಿ ಬಿಡು ಅಲ್ಲೇ." ಮುದುಕಿ ದೃಷ್ಟಿ ತಾಗದಿರಲೆಂದು ಎದೆಯ ಮೇಲೆ ಥೂ ಥೂ ಥೂ ಎಂದು ಉಗುಳುವಂತೆ ಮಾಡಿ ಕೊನೆಗೆ ಕೈಬಿಟ್ಟಳು.

ಗ್ರೀಸಿನ ಥೆಸ್ಸಲೊನೀಕಿಯ ಮೇಲ್ಪೇಟೆಯ ಆ ಮನೆಯೊಳಗೆ ಎಣ್ಣೆದೀಪದ ವಾಸನೆ, ಹುರಿದ ಬದನೆಯ ವಾಸನೆ ಬೆರೆತು ನಿಂತಿತ್ತು. ಅದರಡಿಯಲ್ಲಿ ಇನ್ನೊಂದು ವಾಸನೆ, ಕೂದಲು ಸುಟ್ಟಂಥದ್ದು. ಅದು ಹಲಗೆಯಿಂದಲೇ ಬರುತ್ತಿದೆ ಎಂದು ಅರ್ಗಿರಿಸನಿಗೆ ಬೀದಿಗೆ ಬಂದ ಮೇಲೆ ಗೊತ್ತಾಯಿತು. ತಿರುಗಿಸಿ ನೋಡಿದ. ಹಿಂಬದಿಯಲ್ಲಿ ತುಕ್ಕು ಹಿಡಿದ ಮೊಳೆ, ಮೊಳೆಗೆ ಬಿಗಿದ ಕಪ್ಪು ಕೂದಲಿನ ಗಂಟು. ಮುದುಕಿಯ ಗಂಡ ಸ್ತಮಾತಿಸ್ ಸತ್ತು ಬಹಳ ಕಾಲವಾಗಿತ್ತು. ಕೂದಲು ಮಾತ್ರ ಈಗಷ್ಟೇ ಬಾಚಿದಂತೆ ಮಿಂಚುತ್ತಿತ್ತು.

ಈ ಸ್ತಮಾತಿಸ್ ವಿಡಿಯೋ ಕ್ಯಾಸೆಟ್ಟುಗಳ ಕಾಲದ ಕಲಾವಿದ. ಮನೆಮನೆಗೂ ಕ್ಯಾಸೆಟ್ ಬಾಡಿಗೆಗೆ ಹೋಗುತ್ತಿದ್ದ ಆ ದಿನಗಳಲ್ಲಿ ಅಗ್ಗದ ದೆವ್ವದ ಸಿನಿಮಾಗಳಿಗೆ ಅವನೇ ಕವರ್ ಬರೆಯುತ್ತಿದ್ದ. ಅರ್ಗಿರಿಸನ ಕೈಲಿದ್ದುದು ಅವುಗಳಲ್ಲೊಂದಾದ 'ಉಪ್ಪಿನ ಮದುಮಗಳು' ಕವರಿನ ಮೂಲ ಚಿತ್ರ. ಆ ಸಿನಿಮಾ ಶುದ್ಧ ಕಸ, ನೋಡಿದವರೆಲ್ಲ ಹಾಗೆಯೇ ಹೇಳುತ್ತಾರೆ. ಆದರೆ ಅಂಗಡಿಯ ಕಪಾಟಿನಲ್ಲಿ ಆ ಕವರ್ ಕಂಡವರು ಯಾರೂ ಮರೆತಿಲ್ಲ. ಕಪ್ಪು ಸಮುದ್ರ, ಬಿಳಿ ಮುಸುಕು, ಮುಸುಕಿನೊಳಗಿಂದ ನೇರ ನಿಮ್ಮನ್ನೇ ನೋಡುವ ಹೆಣ್ಣು. ಈಗ ಮೆನ್ಯೋಸ್ ಎಂಬವನ ಸಣ್ಣ ಕಂಪನಿ ಅದೇ ಸಿನಿಮಾವನ್ನು ಬ್ಲೂರೇ ಡಿಸ್ಕಿನಲ್ಲಿ, ದಪ್ಪ ರಟ್ಟಿನ ಹೊರಪೆಟ್ಟಿಗೆಯಲ್ಲಿಟ್ಟು, ಸಂಗ್ರಹಕಾರರಿಗಾಗಿ ಹೊರತರುತ್ತಿತ್ತು. ಕೊಳ್ಳುವವರು ಸಿನಿಮಾ ನೋಡುತ್ತಾರೋ ಇಲ್ಲವೋ, ಪೆಟ್ಟಿಗೆಯನ್ನಂತೂ ನೋಡುತ್ತಾರೆ. ಮೂಲೆ ಒಂದಿಷ್ಟು ಜಜ್ಜಿದ್ದರೂ ವಾಪಸ್ ಕಳಿಸುವ ಜನ.

ಚಿತ್ರವನ್ನು ಕಂಪ್ಯೂಟರಿಗೇರಿಸಿ ತೊಳೆದು ಹೊಸದರಂತೆ ಮಾಡುವುದು ಅರ್ಗಿರಿಸನ ಕೆಲಸ. ಅವನು ಹುಟ್ಟಿ ಬೆಳೆದದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಹೆಂಡತಿ ದೋಮ್ನಾಳ ದೇಶವೆಂದು ಇಲ್ಲಿಗೆ ಬಂದವನು. ಬಾಡಿಗೆ ಮನೆ ಹಿಡಿದ ದಿನವೇ ಬಾಗಿಲ ಮೇಲಿನ ಪಟ್ಟಿಯಲ್ಲಿ ಹಿಂದಿನವರು ಈಸ್ಟರ್ ಮೇಣದಬತ್ತಿಯ ಹೊಗೆಯಿಂದ ಮನೆ ಕಾಯಲೆಂದು ಎಳೆದಿದ್ದ ಕಪ್ಪು ಶಿಲುಬೆಯ ಮೇಲೆ ಬಿಳಿ ಬಣ್ಣ ಹೊಡೆದಿದ್ದ. ದೋಮ್ನಾ ಅತ್ತಿದ್ದಳು. "ಹೊಗೆ ಕಲೆಗೆ ಯಾರಾದ್ರೂ ಅಳ್ತಾರೇನೇ?" ಎಂದಿದ್ದ. ಅವಳು ಈಗ ದಿನ ತುಂಬಿದ ಬಸುರಿ, ಬೇರೆ ಊರಿನ ತಾಯಿಯ ಮನೆಯಲ್ಲಿದ್ದಳು. ಈ ಕವರ್ ಚೆನ್ನಾಗಿ ಬಂದರೆ ಕೆಲಸ ಕಾಯಂ ಎಂದು ಮೆನ್ಯೋಸ್ ಹೇಳಿದ್ದ. ಕೂಸು ಬರುವ ಮನೆಗೆ ಅದು ಬೇಕೇ ಬೇಕಿತ್ತು.

ಗದ್ದದ ಮೇಲೆ ಆ ಮಸಿ. ಹೆಬ್ಬೆಟ್ಟಿನ ಗೆರೆಗಳು ಕೂಡ ಕಾಣುತ್ತಿದ್ದವು. ಯಾವನೋ ಊಟ ಮಾಡಿ ಕೈತೊಳೆಯದೆ ಮುಟ್ಟಿದಂತಿತ್ತು. ಅರ್ಗಿರಿಸ್ ಮುದುಕಿಯನ್ನು ನೆನೆದು ನಕ್ಕು, ಅದನ್ನು ಅಳಿಸಿದ. ಹೆಣ್ಣಿನ ಮುಖ ಬೆಳ್ಳಗೆ ಬೆಳಗಿತು. ಕಂಪ್ಯೂಟರಿನ ಗಾಳಿಗಿಂಡಿಯಿಂದ ಸುಟ್ಟ ಕೂದಲಿನ ವಾಸನೆ ಸುಯ್ಯೆಂದು ಬಂತು. ಧೂಳು ಕೂತಿರಬೇಕು ಅಂದುಕೊಂಡ.

ಮುದ್ರಣದ ಮೊದಲ ಮಾದರಿ ಬಂದಾಗ ಮಸಿ ಇದ್ದಲ್ಲೇ ಇತ್ತು.

ಹಳೆಯ ಕಡತ ಕಳಿಸಿದೆನೇನೋ ಎಂದು ಮತ್ತೆ ಅಳಿಸಿದ, ಮತ್ತೆ ಕಳಿಸಿದ. ಎರಡನೆಯದರಲ್ಲೂ ಇತ್ತು, ಕೊಂಚ ದೊಡ್ಡದಾಗಿ. ಮುದ್ರಣಾಲಯಕ್ಕೇ ನುಗ್ಗಿ ಮುದ್ರಕ ಪ್ರೋದ್ರೊಮೋಸನ ಮೇಲೆ ಹರಿಹಾಯ್ದ.

"ನಿನ್ನ ಯಂತ್ರ ತೊಳೆದು ಯಾವ ಕಾಲ ಆಯ್ತು ಮಾರಾಯ? ನೋಡಿಲ್ಲಿ, ಗದ್ದದ ಮೇಲೆ!"

"ಏನಿದೆ ಗದ್ದದ ಮೇಲೆ?"

"ಮಸಿ! ಕಣ್ಣಿಲ್ವಾ? ನಿನ್ನ ಗದ್ದಕ್ಕೂ ಮೆತ್ಕೊಂಡಿದೆ, ಅದೇ ಕೈಲಿ ಇದನ್ನೂ ಮುಟ್ಟಿದೀಯ."

ಪ್ರೋದ್ರೊಮೋಸ್ ಗದ್ದ ಸವರಿಕೊಂಡು ಬೆರಳು ನೋಡಿಕೊಂಡ. "ಮನೆಗೆ ಹೋಗಿ ಮಲ್ಕೋ ತಮ್ಮಾ. ಕಾಗದ ಹಾಲಿನಂಗಿದೆ."

ಮತ್ತೆ ಅಳಿಸಿದ. ಈಗ ಪರದೆಯ ಮೇಲೂ ಮಸಿ ಹೋಗದೆ ನಿಂತಿತು. ಅಳಿಸಿದಷ್ಟೂ ಅದು ತುಟಿಯ ಕಡೆಗೆ ಹಬ್ಬುತ್ತಿತ್ತು. ಇಲಿಯಂತೆ ಕೆರೆದ, ಬೈದ, ಮೇಜು ಗುದ್ದಿದ, ಕಾಫಿ ಚೆಲ್ಲಿಕೊಂಡ. ಮುಗಿಯುವುದೇ ಇಲ್ಲವಲ್ಲ ಈ ದರಿದ್ರ ಎಂದು ಅಳು ಬಂತು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಮೆನ್ಯೋಸ್ ಕೊನೆಗೆ ಅವನ ಕೈ ಹಿಡಿದ.

"ಲೋ ಜರ್ಮನ್, ನಿಲ್ಲಿಸೋ! ಚೆಂದದ ಮುಖಾನ ಯಾಕೋ ತೂತು ಮಾಡ್ತಿದೀಯ? ಕನ್ನಡಿ ಇದ್ದಂಗಿದೆ, ಮೊದಲ್ನೇ ದಿನವೇ ಮುಗಿದಿತ್ತು ಕೆಲಸ." ಮೆನ್ಯೋಸನದು ಪೊದೆಯಂಥ ಕಪ್ಪು ಗಡ್ಡ, ಅದರೊಳಗೆ ಗದ್ದವೆಂಬುದು ಕಾಣುವುದೇ ಇಲ್ಲ. ಇಲ್ಲದಿದ್ದರೆ ಅರ್ಗಿರಿಸನಿಗೆ ಅಂದೇ ತಿಳಿಯುತ್ತಿತ್ತು. ಮೆನ್ಯೋಸ್ ಮೊದಲ ಕಡತವನ್ನೇ ಅಚ್ಚಿಗೆ ಕಳಿಸಿದ.

ದೋಮ್ನಾ ಹೆರಿಗೆಗೆ ಗಂಡನ ಬಳಿ ಮರಳಿದಳು. ರೈಲು ನಿಲ್ದಾಣದ ಜನಜಂಗುಳಿಯ ನಡುವೆ ಹೊಟ್ಟೆ ಹೊತ್ತು ನಗುತ್ತಾ ಬಂದಳು.

"ಗದ್ದ ಒರೆಸ್ಕೊಳೇ, ಏನೋ ಕಪ್ಪು ಹತ್ತಿದೆ."

ಅವಳು ಒರೆಸಿಕೊಂಡಳು. ಹೋಗಲಿಲ್ಲ. ಅವನೇ ಕರವಸ್ತ್ರ ಒದ್ದೆ ಮಾಡಿ ತಿಕ್ಕಿದ. ಹೋಗಲಿಲ್ಲ. ಇನ್ನೂ ತಿಕ್ಕಿದ.

"ಅರ್ಗಿರಿ, ನೋಯ್ತಿದೆ! ಏನಾಗಿದೆ ನಿಂಗೆ?"

ಅವನು ತಲೆಯೆತ್ತಿದ. ಟಿಕೆಟ್ ಕೊಡುವವಳ ಗದ್ದದ ಮೇಲೆ ಕಪ್ಪು. ಎಳ್ಳಿನ ಬ್ರೆಡ್ಡು ಮಾರುವವನ ಗದ್ದದ ಮೇಲೆ ಕಪ್ಪು. ಎದುರಿನ ಬೆಂಚಿನಲ್ಲಿ ಕೂತ ಪಾದ್ರಿಯ ಬಿಳಿ ಗಡ್ಡದ ಮೇಲೆ, ಜಾಹೀರಾತಿನಲ್ಲಿ ನಗುವ ಹುಡುಗಿಯ ಮೇಲೆ. ಎಲ್ಲ ಮುಖಗಳಲ್ಲೂ ಅದೇ ಹೆಬ್ಬೆಟ್ಟು. ತಿರುಗಿ ದೋಮ್ನಾಳನ್ನು ನೋಡುವಷ್ಟರಲ್ಲಿ ಕಪ್ಪು ಅವಳ ತುಟಿಯನ್ನು ನುಂಗಿತ್ತು. ಮಾತು ಬರುತ್ತಿತ್ತು, ಬಾಯಿ ಇರಲಿಲ್ಲ.

ಕಣ್ಣಿನ ವೈದ್ಯರು ಬೆಳಕು ಬಿಟ್ಟು ನೋಡಿ ಎಲ್ಲ ಸರಿಯಿದೆ ಎಂದರು. ಹಾಗೆ ಹೇಳಿದ್ದು ಮೂಗಿನ ತನಕ ಕಪ್ಪಾದ ಒಂದು ಮುಖ.

ದೋಮ್ನಾಳನ್ನು ಕರೆದುಕೊಂಡು ಬಂದ ಅವನನ್ನು ಎವಾಂಥಿಯಾ ಬಾಗಿಲಲ್ಲೇ ನೋಡಿ ಬೈದಳು. "ಒರೆಸ್ದೆ ಅಲ್ವೇನೋ ಕತ್ತೆ!" ಒಳಗೆ ಕೂರಿಸಿ, ದೃಷ್ಟಿ ತಾಗಿದೆಯೇ ಎಂದು ನೋಡಲು ಬಟ್ಟಲ ನೀರಿಗೆ ಎಣ್ಣೆಯ ಹನಿ ಬಿಟ್ಟಳು. ಹನಿ ತೇಲಲಿಲ್ಲ, ಒಡೆದು ಕರಗಿಹೋಯಿತು. ಮಂತ್ರ ಗೊಣಗುತ್ತಾ ಮುದುಕಿ ಆಕಳಿಸತೊಡಗಿದಳು. ದವಡೆ ಲಟಲಟ ಎನ್ನುವಂತೆ, ಕಣ್ಣಲ್ಲಿ ನೀರಿಳಿಯುವಂತೆ, ಒಂದರ ಮೇಲೊಂದು. ದೃಷ್ಟಿ ಬಲವಾಗಿದ್ದಷ್ಟೂ ತೆಗೆಯುವವರಿಗೆ ಆಕಳಿಕೆ ಜಾಸ್ತಿ. ದೋಮ್ನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೂಲೆಗೆ ಸರಿದಳು.

"ನಂಗೆ ಆಗಲ್ಲಪ್ಪ. ಇದು ದೃಷ್ಟಿ ಅಲ್ಲ, ಮಾಟ," ಎಂದಳು ಮುದುಕಿ ಉಸಿರು ಹಿಡಿದು. "ಚಿತ್ರದಲ್ಲಿರೋಳು ನನ್ನಕ್ಕ ಮಗ್ದಲಿನಿ. ಸ್ತಮಾತಿಸ್‌ಗೆ ಮೊದ್ಲು ಮದ್ವೆ ಗೊತ್ತಾಗಿದ್ದೋಳು ಅವಳು. ಅವಳ ಗದ್ದದ ಮೇಲೆ ಹುಟ್ಟಿದಾಗ್ಲಿಂದ ಕಪ್ಪು ಮಚ್ಚೆ ಇತ್ತು. ಕ್ಯಾಸೆಟ್ಟಿನೋನು ಮುಖ ಶುಭ್ರವಾಗಿರ್ಲಿ ಅಂದ, ಇವ್ನು ಮಚ್ಚೆ ಬಿಟ್ಟು ಬರೆದ. ಆಮೇಲೆ ಅವಳನ್ನೂ ಬಿಟ್ಟು ನನ್ನ ಮದ್ವೆ ಆದ. ಅವಳು ಕೂದಲು ಕತ್ತರಿಸಿ ಹಲಗೆಗೆ ಮೊಳೆ ಹೊಡೆದ್ಲು. ನನ್ನ ಕಪ್ಪು ನಿಂಗೆ ಅಸಹ್ಯ ಆಯ್ತಲ್ಲ, ಇನ್ನು ಯಾವ ಮುಖ ನೋಡಿದ್ರೂ ನಿಂಗದೇ ಕಾಣ್ಲಿ, ನಿನ್ನ ಮಕ್ಕಳ ಮುಖದಲ್ಲೂ ಅದೇ ಕಾಣ್ಲಿ ಅಂದ್ಲು."

"ಆಮೇಲೆ?" ಎಂದಳು ದೋಮ್ನಾ.

"ಮದುವೆ ದಿನ ಚರ್ಚಲ್ಲಿ ಇವ್ನಿಗೆ ನನ್ನ ಮುಖಾನೇ ಕಾಣ್ಲಿಲ್ಲ ತಾಯಿ. ಈಸ್ಟರ್ ರಾತ್ರಿ ಚರ್ಚಿಂದ ತಂದ ದೀಪದ ಮಸಿ ತಗೊಂಡು, ಅವಳ ಮಚ್ಚೆ ಅವಳಿಗೇ ವಾಪಸ್ ಕೊಟ್ಟ. ಆಗ ಬಿಡ್ತು."

ಅರ್ಗಿರಿಸ್ ಎದ್ದುನಿಂತ. "ಹಲಗೆ ಮೇಲಿನ ಮಸಿ ನಾನು ಮುಟ್ಟೇ ಇಲ್ಲ ಅಜ್ಜಿ! ಕಂಪ್ಯೂಟರಿನಲ್ಲಿ ಮಾತ್ರ..."

"ಎಲ್ಲೆಲ್ಲಿ ಅವಳ ಮಚ್ಚೆ ಕಿತ್ಕೊಂಡಿದೀಯೋ ಅಲ್ಲೆಲ್ಲ ಕೊಡು."

ಪೆಟ್ಟಿಗೆಗಳು ಅಚ್ಚಾಗಿ, ಮಡಚಿ, ಕಂಪನಿಯ ನೆಲಮಾಳಿಗೆಯಲ್ಲಿ ಸೂರಿನ ತನಕ ಪೇರಿಸಿ ಕೂತಿದ್ದವು. ನಾಳೆ ಬೆಳಿಗ್ಗೆ ಅಂಚೆಯವರು ಬರುತ್ತಿದ್ದರು. ಒಂದೊಂದರ ಮೇಲೂ ಆ ಶುಭ್ರವಾದ ಮುಖ. ಮಸಿಗೆ ಮನೆಗೆ ಓಡೋಣವೆಂದರೆ ಬಾಗಿಲ ಮೇಲೆ ತಾನೇ ಬಳಿದ ಬಿಳಿ ಬಣ್ಣ. ಮುದುಕಿ ಈಸ್ಟರಿನಿಂದ ವರ್ಷವಿಡೀ ಆರದಂತೆ ಕಾಯ್ದ ದೀಪವನ್ನು ಗೂಡಿನಿಂದಿಳಿಸಿ, ಗಾಜಿನ ಚಿಮಣಿಯ ಸಮೇತ ದೋಮ್ನಾಳ ಕೈಗಿಟ್ಟಳು.

ನೆಲಮಾಳಿಗೆಯಲ್ಲಿ ಮಧ್ಯಾಹ್ನವೂ ಕತ್ತಲೆ. ಹಸಿ ಬಣ್ಣದ ವಾಸನೆ. ಸುಟ್ಟ ಕೂದಲಿನ ವಾಸನೆ. ದೋಮ್ನಾ ದೀಪ ಹಿಡಿದಳು. ಅವನು ಚಿಮಣಿಯ ಮಸಿಗೆ ಹೆಬ್ಬೆಟ್ಟು ಒತ್ತಿದ. ಪೆಟ್ಟಿಗೆಯ ಮೇಲಿನ ಗದ್ದಕ್ಕೆ ಒತ್ತಿದ. ಇನ್ನೊಂದು. ಇನ್ನೊಂದು. ಕಪ್ಪು ಈಗ ದೋಮ್ನಾಳ ಕಣ್ಣಿನವರೆಗೆ ಏರಿತ್ತು.

"ಮಾತಾಡ್ತಿರು ದೋಮ್ನಾ."

"ಇಲ್ಲೇ ಇದೀನಿ. ಒತ್ತು."

ಅವಳ ಕಣ್ಣು ಹೋಯಿತು. ಹಣೆ ಹೋಯಿತು. ಹೆಗಲ ಮೇಲೆ ಬರೀ ಕಪ್ಪು ಗುಂಡಿ. ಪೆಟ್ಟಿಗೆಗಳ ಹಿಂದೆ ಯಾರೋ ಕೂದಲು ಬಾಚುವ ಸದ್ದು. ಸರ್. ಸರ್. ದೀಪ ಕುಗ್ಗಿತು. ಅವನು ತಿರುಗಲಿಲ್ಲ. ಒತ್ತಿದ. ಬೆರಳ ಚರ್ಮ ಸುಲಿಯಿತು. ಮಸಿಯಲ್ಲಿ ರಕ್ತ ಬೆರೆಯಿತು. ಒತ್ತಿದ. ಬಾಚುವ ಸದ್ದು ಕಿವಿಯ ಹತ್ತಿರ ಬಂತು. ಒದ್ದೆ ಉಸಿರು ಕುತ್ತಿಗೆಗೆ ತಾಗಿತು. "ತಗೋ ನಿನ್ನ ಮಚ್ಚೆ," ಎಂದು ಅರಚಿದ. "ತಗೋ, ತಗೋ!" ಕೊನೆಯ ಪೆಟ್ಟಿಗೆ. ಒತ್ತಿದ.

ಸದ್ದು ನಿಂತಿತು.

ದೀಪದ ಬೆಳಕಿನಲ್ಲಿ ಹೆಂಡತಿಯ ಮುಖವಿತ್ತು. ಬೆವೆತಿದ್ದ, ಮೂಗು ಕೆಂಪಾಗಿದ್ದ, ಅತ್ತು ಊದಿಕೊಂಡಿದ್ದ ಮುಖ. ಗದ್ದ ಬೆಳ್ಳಗಿತ್ತು. ಅವನು ಅದನ್ನು ಮುಟ್ಟಿ ಮುಟ್ಟಿ ನೋಡಿದ. ಅವಳು ಹೊದ್ದಿದ್ದ ಶಾಲಿನ ತುದಿಯನ್ನು ನೀರಿಗದ್ದಿ ಅವನ ಕೈಮುಖವನ್ನೆಲ್ಲ ಒರೆಸಿ, ತನ್ನ ಪುಟ್ಟ ಕನ್ನಡಿ ಹಿಡಿದು ತೋರಿಸಿದಳು. "ನೋಡ್ಕೋ, ಒಂದು ಚುಕ್ಕೆ ಇಲ್ಲ."

ಮೆಟ್ಟಿಲ ಮೇಲೆ ಬಿಳಿ ಕೈಗವಸು ತೊಟ್ಟ ಮೆನ್ಯೋಸ್ ನಿಂತಿದ್ದ. ಪೆಟ್ಟಿಗೆಗಳನ್ನು ಅವನು ಎಂದೂ ಕೈಗವಸಿಲ್ಲದೆ ಮುಟ್ಟುವವನಲ್ಲ. ಒಂದನ್ನೆತ್ತಿದ. ಇನ್ನೊಂದನ್ನೆತ್ತಿದ. ಅವನ ಸ್ವರ ಅಳುವಂತಿತ್ತು.

"ಏನೋ ಮಾಡ್ಬಿಟ್ಟೆ ಜರ್ಮನ್? ಎಲ್ಲದಕ್ಕೂನಾ? ಒಂದು ಗೀರು ಬಿದ್ರೆ ಮೈಮೇಲೆ ಏರಿ ಬರೋ ಜನ ಕಣೋ ಕೊಳ್ಳೋರು! ಯಾರಿಗೋ ಮಾರ್ಲಿ ಇದನ್ನ?"

"ಹಾಗೇ ಇರ್ಲಿ ಮೆನ್ಯೋ. ಕಲಾವಿದ ಒತ್ತಿದ್ದೇ ಅದು. ಚಿತ್ರಾನೇ ಹಾಗಿತ್ತು."

"ನಾಳೆಯಿಂದ ಬರ್ಬೇಡ ನೀನು. ಇವತ್ತಿನಿಂದ್ಲೇ ಬರ್ಬೇಡ." ಮೆನ್ಯೋಸ್ ಜೇಬಿನಿಂದ ಒದ್ದೆ ಕಾಗದದ ಪೊಟ್ಟಣ ತೆಗೆದ. "ಒರೆಸಿದ್ರೆ ಹೋಗತ್ತೋ ನೋಡೋಣ."

"ಒರೆಸ್ಬೇಡ!"

"ಯಾಕೋ?" ಮೆನ್ಯೋಸ್ ಉಜ್ಜುತ್ತಲೇ ಹಲ್ಲು ಕಿರಿದ. "ಎದ್ದು ಬಂದು ಬೈತಾಳಾ?"

ಅರ್ಗಿರಿಸ್ ಹಾರಿ ಕಿತ್ತುಕೊಳ್ಳುವಷ್ಟರಲ್ಲಿ ಮುಖ ಶುಭ್ರವಾಗಿತ್ತು. "ನೋಡು, ಹೋಯ್ತು. ಎಲ್ಲಾನೂ ಒರೆಸಿಸ್ತೀನಿ," ಎಂದ ಮೆನ್ಯೋಸ್, ಖುಷಿಯಿಂದ ತಲೆಯೆತ್ತಿ. ಹಾಗೆಯೇ ಹುಬ್ಬು ಗಂಟಿಕ್ಕಿದ. "ಮೊದ್ಲು ನಿನ್ನ ಗದ್ದ ಒರೆಸ್ಕೋ. ಮಸಿ ಮೆತ್ಕೊಂಡಿದೆ."

ಅರ್ಗಿರಿಸ್ ಅವನ ಕೈಯಿಂದ ಒದ್ದೆ ಕಾಗದವೊಂದನ್ನು ಎಳೆದುಕೊಂಡು ಗದ್ದಕ್ಕೆ ಒತ್ತಿ ಉಜ್ಜಿದ. ಕಾಗದ ಬೆಳ್ಳಗೇ ಇತ್ತು.

"ಇನ್ನೂ ಇದೆ. ನಿನ್ನ ಹೆಂಡ್ತಿಗೂ ಹಚ್ಚಿದೀಯಲ್ಲೋ," ಎಂದ ಮೆನ್ಯೋಸ್.

ಆಮೇಲೆ ಕನ್ನಡಕ ತೆಗೆದು, ಬಾಯುಸಿರು ಊದಿ, ಅಂಗಿಯ ಅಂಚಿನಿಂದ ಗಾಜನ್ನು ತಿಕ್ಕತೊಡಗಿದ.