ಇಳಿಯಲು ಕಲಿತ ಮರದ ಹಂಸ

ಬಹಳ ಹಿಂದೆ, ಚಂದ್ರಲೋಕ ಒಂದೇ ಹಗಲಿನ ಹಾದಿಯಾಗಿದ್ದ ಕಾಲದಲ್ಲಿ, ಹೊನ್ನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮಾಂತ್ರಿಕ ಧೂಮಾಕ್ಷ ಬೆಂಕಿಕೊಡ ಮಾರುತ್ತಿದ್ದ. ಒಳಗೆ ಕೂತರೆ ಸಾಕು, ನೇರ ಚಂದ್ರನ ಮೇಲೆ. ಮರಳಿ ಬರುವ ಮಾತನ್ನು ಮಾತ್ರ ಅವನು ಎತ್ತುತ್ತಿರಲಿಲ್ಲ. ಹೋದ ಕೊಡ ಬಾರದು, ಹೋದವರೂ ಬಾರರು. ಅವನಿಗೆ ಪ್ರತಿ ಸಲ ಹೊಸ ಕೊಡದ ವ್ಯಾಪಾರ.

ಹಾಗೆ ಹೋಗಿ ಸಿಕ್ಕಿಕೊಂಡವರಲ್ಲಿ ಬಡಗಿ ಕಾಳವ್ವನ ಗಂಡ ಮೌನಪ್ಪನೂ ಒಬ್ಬ. ಕಾಳವ್ವ ಅಳುತ್ತ ಕೂರಲಿಲ್ಲ. ಮರದ ಹಂಸವೊಂದನ್ನು ಕಟ್ಟಿದಳು.

"ಏರೋದನ್ನ ಬೆಂಕಿ ನೋಡ್ಕೊಳ್ಳುತ್ತೆ. ನಾನು ಮೊದಲು ಇಳಿಯೋದು ಕಲೀತೀನಿ," ಎಂದಳು. ಊರೆಲ್ಲ ನಕ್ಕಿತು.

"ಮೂರು ಸಲ ಮುರಿಯದೆ ಇಳಿ, ಆಮೇಲೆ ಚಂದ್ರನಿಗೆ ಹೋಗು," ಎಂದ ರಾಜ ಮಲ್ಲಸೇನ. "ತಪ್ಪಿದರೆ ಹಂಸ ಧೂಮಾಕ್ಷನ ಒಲೆಗೆ."

ಮೊದಲ ದಿನ, ಮೇಲಿಂದ ಬಿಡಲೆಂದು ರಾಜನ ಎರಡು ತಲೆಯ ಗಂಡಭೇರುಂಡ ಹಕ್ಕಿ, ಕಾಳವ್ವ ಕೂತ ಹಂಸವನ್ನು ಉಗುರಲ್ಲಿ ಹಿಡಿದು ಮುಗಿಲಿಗೇರಿತು.

"ಬಿಡಲಾ?" ಎಂದಿತು ಎಡತಲೆ.

"ತಡಿಯೋ, ಅವಳು ಹೇಳ್ಲಿ!" ಎಂದಿತು ಬಲತಲೆ.

ಜಗಳದಲ್ಲಿ ಉಗುರು ಸಡಿಲಿತು. ಹಂಸ ತೇಲುತ್ತ ಬಯಲಿಗೆ ಇಳಿಯಿತು, ಆದರೆ ನಿಲ್ಲದೆ ಅರಮನೆಯ ಅಡುಗೆಮನೆಗೆ ನುಗ್ಗಿತು.

"ಮುರಿದಿಲ್ಲ," ಎಂದಳು ಕಾಳವ್ವ, ಮೂಗಿನ ಮೇಲಿನ ಹೂರಣ ಒರೆಸಿಕೊಳ್ಳುತ್ತ.

ಎರಡನೆಯ ದಿನ, ನಿಲ್ಲಿಸಲೆಂದು ಬಾಲಕ್ಕೊಂದು ಸೀರೆ ಕಟ್ಟಿದಳು. ಧೂಮಾಕ್ಷ ಅಡ್ಡಗಾಳಿ ಬಿಟ್ಟ. ಹಂಸ ಏಡಿಯ ಹಾಗೆ ಓರೆಯಾಗಿ ಬಂದು ಎರಡು ಸಲ ಪುಟಿಯಿತು. ಸೀರೆ ಅರಳಿ ಗಾಳಿ ತುಂಬಿಕೊಂಡಿತು. ಹಂಸ ರಾಜನ ಕಾಲಬುಡದಲ್ಲಿ ನಿಂತಿತು.

"ಅಯ್ಯೋ, ಅದು ನನ್ನ ಸೀರೆ!" ಎಂದಳು ರಾಣಿ.

ಮೂರನೆಯ ದಿನ ಧೂಮಾಕ್ಷ, "ಖಾಲಿ ಹಂಸ ಇಳಿದರೆ ಏನು ಬಂತು? ಹೊರೆ ಹೊತ್ತು ಇಳಿಯಲಿ," ಎಂದ. ಹಂಸ ಏರಿದೊಡನೆ ಬಯಲು ಮೊಸಳೆಕೆರೆಯಾಗಲೆಂದು ಆಗಲೇ ಮಾಟ ಮಾಡಿದ್ದ.

"ಸರಿ ಸ್ವಾಮಿ, ಹೊರೆಗೆ ನೀವೇ ಬನ್ನಿ. ತೂಕಕ್ಕೇನೂ ಕಮ್ಮಿಯಿಲ್ಲ," ಎಂದಳು ಕಾಳವ್ವ.

ರಾಜನಿಗೆ ಮಾತು ಹಿಡಿಸಿತು. ಒಲ್ಲೆನೆಂದರೆ ಕಾರಣ ಹೇಳಬೇಕಲ್ಲ! ಧೂಮಾಕ್ಷ ಹಂಸ ಹತ್ತಿದ.

ಗಂಡಭೇರುಂಡ ಬಿಟ್ಟಿತು. ಕೆಳಗೆ ಮೊಸಳೆಗಳು ಬಾಯಿ ತೆರೆದಿದ್ದವು.

"ಮೇಲಕ್ಕೆ ತಿರುಗಿಸವ್ವಾ!"

"ಹಂಸದ ಹೊಟ್ಟೆಗೆ ಬೆಂಕಿಯನ್ನೇ ಹಾಕಿಲ್ಲ ಸ್ವಾಮಿ. ಒಮ್ಮೆ ಬಿಟ್ಟರೆ ಇಳಿಯೋದೊಂದೇ ದಾರಿ."

ಮಾಟ ಬಿಡಿಸಿದರೆ ಇದ್ದ ಶಕ್ತಿಯೆಲ್ಲ ಖರ್ಚಾಗುತ್ತಿತ್ತು. ಒಂದು ಮೊಸಳೆ ಹಲ್ಲು ತೋರಿಸಿತು. ಧೂಮಾಕ್ಷ ಬಡಬಡನೆ ಎಲ್ಲ ಮಂತ್ರ ಸುರಿದ. ಕೆರೆ ಬತ್ತಿ ಬಯಲಾಯಿತು. ಹಂಸ ಮೆತ್ತಗೆ ನೆಲ ಮುಟ್ಟಿತು.

ಆಮೇಲೆ ಹಂಸದ ಹೊಟ್ಟೆಗೆ ಬೆಂಕಿ ಹಾಕಿ ಕಾಳವ್ವ ಚಂದ್ರನಿಗೆ ಹೋದಳು.

"ಇಷ್ಟು ತಡವೇನೇ?" ಎಂದ ಮೌನಪ್ಪ.

"ಇಳಿಯೋದು ಕಲೀತಿದ್ದೆ. ಹತ್ತಿ, ಮಾತು ಸಾಕು."

ಅದೇ ಹಂಸ ಹೋಗಿ ಬಂದು, ಹೋಗಿ ಬಂದು ಎಲ್ಲರನ್ನೂ ಮನೆ ಸೇರಿಸಿತು. ಹೊನ್ನಗಿರಿಯವರು ಸುಖವಾಗಿದ್ದರು. ಮಂತ್ರ ಬರಿದಾದ ಧೂಮಾಕ್ಷನಿಗೂ ಕೆಲಸ ಸಿಕ್ಕಿತು: ಹಂಸ ಇಳಿದಾಗಲೆಲ್ಲ ರಾಣಿಯ ಸೀರೆ ಮಡಚುವುದು.